ಎದುರು ಮಾತು ಎಂಬ ಅಪರಾಧ

"ಸ್ಕೂಲನ್ನ ವೆಲಿಂಗ್ಟನ್ ಥರ ನಡೆಸಬೇಕು ಮೇಷ್ಟ್ರೇ, ಆಗ ಮಕ್ಕಳು ದಾರಿಗೆ ಬರ್ತಾರೆ." ಈ ಮಾತನ್ನು ಊಟಿ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಪೋಷಕರ ಸಭೆಯಲ್ಲಿ ಕೇಳದವರಿಲ್ಲ. ಎಸ್ಟೇಟಿನ ಮೇಸ್ತ್ರಿಯೂ ತನ್ನ ಆಳುಗಳ ವಿಷಯದಲ್ಲಿ ಇದನ್ನೇ ಹೇಳ್ತಾನೆ. ಹಾಗನ್ನುವವರು ವೆಲಿಂಗ್ಟನ್ನಿನ ಕಾನೂನು ಓದಿಲ್ಲ ಅನ್ನೋದೇ ನನ್ನ ತಕರಾರು.

ಕೂನೂರು ಪಕ್ಕದ ಆ ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಅಲ್ಲಿನ ಸಿಪಾಯಿಗೆ ಅನ್ವಯಿಸುವುದು 1950ರ ಸೇನಾ ಕಾಯಿದೆ. ಅದರ 41ನೇ ಕಲಂ ಬಲು ಬಿಗಿ. ಮೇಲಧಿಕಾರಿ ಎದುರಿಗೇ ಕೊಟ್ಟ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೂ ಸೆರೆವಾಸ ಆಗಬಹುದು. ಯುದ್ಧದಲ್ಲಿ ಒಬ್ಬ ಹಿಂದೆ ಸರಿದರೆ ಹತ್ತು ಜನರ ಜೀವ ಹೋಗುತ್ತೆ. ಆ ಬಿಗಿ ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಆ ಕಲಮಿನಲ್ಲಿ ಬರೀ ಆಜ್ಞೆ ಅಂತ ಇಲ್ಲ, 'ಕಾನೂನುಬದ್ಧ ಆಜ್ಞೆ' ಅಂತ ಇದೆ. ಆಪಾದನೆಯನ್ನು ಸಿಪಾಯಿಯ ಎದುರಿಗೇ ವಿಚಾರಿಸಬೇಕು, ಸಾಕ್ಷಿ ಹೇಳಿದವರನ್ನು ಅವನೂ ಪ್ರಶ್ನೆ ಮಾಡಬಹುದು. ಇನ್ನು 47ನೇ ಕಲಂ ನೋಡಿ: ಕೈಕೆಳಗಿನವನ ಮೇಲೆ ಕೈಮಾಡಿದ ಅಧಿಕಾರಿಗೆ 7 ವರ್ಷದವರೆಗೆ ಸೆರೆ. ಬಂದೂಕು ಹಿಡಿದವರ ನಡುವೆಯೂ ಹೊಡೆಯೋ ಹಕ್ಕು ಯಾರಿಗೂ ಇಲ್ಲ!

ತೋಟಕ್ಕೆ ಬನ್ನಿ. 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಬಂದ ಮಾದರಿ ನಿಯಮದಲ್ಲಿ, ಕಾನೂನುಬದ್ಧವೂ ನ್ಯಾಯವೂ ಆದ ಆಜ್ಞೆಯನ್ನು ಬೇಕೆಂದೇ ಮೀರಿದರೆ ಮಾತ್ರ ಅದು ದುರ್ನಡತೆಯಾಗಿತ್ತು. ಕೈಗವಸು ಇಲ್ಲದೆ, ಮೂಗಿಗೆ ಮರೆ ಇಲ್ಲದೆ ಔಷಧಿ ಹೊಡಿ ಅನ್ನೋದು ಎರಡೂ ಅಲ್ಲ. ವಿಷದ ಔಷಧಿ ಮುಟ್ಟುವವರಿಗೆ ರಕ್ಷಣೆಯ ಉಡುಪು ಕೊಡಬೇಕೆಂದು 2025ರವರೆಗೆ ಜಾರಿಯಲ್ಲಿದ್ದ ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲೇ ಸೇರಿಸಿದ್ದರು. ಹಾಗಿರುವಾಗ "ನನ್ನಿಂದಾಗಲ್ಲ" ಅಂದ ಹೆಣ್ಣಾಳು ಯಾವ ಅಪರಾಧ ಮಾಡಿದಳು?

ನಾಲಿಗೆ ಮಾತ್ರ ಹಿಡಿತದಲ್ಲಿರಬೇಕು. 1982ರ ರಮಾಕಾಂತ ಮಿಶ್ರಾ ಪ್ರಕರಣದಲ್ಲಿ, ಒರಟು ಮಾತಿಗೆ ಕೆಲಸದಿಂದಲೇ ತೆಗೆದದ್ದು ಅತಿಯಾಯಿತು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟು 2005ರಲ್ಲಿ ಮಹೀಂದ್ರ ಕಂಪನಿಯ ಪ್ರಕರಣದಲ್ಲಿ, ಅಶ್ಲೀಲವಾಗಿ ಬೈದವನನ್ನು ತೆಗೆದದ್ದು ಸರಿ ಅಂದಿತು. ಎರಡರಲ್ಲೂ ಮೊದಲು ವಿಚಾರಣೆ ನಡೆದಿತ್ತು. ನಮ್ಮಲ್ಲೋ, ಮೇಸ್ತ್ರಿ "ನಾಳೆಯಿಂದ ಬರಬೇಡ" ಅಂದರೆ ಮುಗೀತು. ಅದನ್ನೇ ಕಾಗದದಲ್ಲಿ ಬರೆದುಕೊಡಿ ಅಂತ ಕೇಳಿ ನೋಡಿ, ಪೆನ್ನು ಜೇಬಿನಿಂದ ಹೊರಗೇ ಬರೋದಿಲ್ಲ.

ಶಾಲೆಯ ಮಾತು. ಗೂಡಲೂರು ದಾಟಿದರೆ ಸಿಗುವ ಕೇರಳದಲ್ಲಿ, 1985ರಲ್ಲಿ ಮೂವರು ಮಕ್ಕಳು ತಮ್ಮ ಧರ್ಮದ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡಲಿಲ್ಲ. ಎದ್ದು ಗೌರವದಿಂದ ನಿಂತಿದ್ದರು. ಶಾಲೆಯಿಂದ ಹೊರಗೆ ಹಾಕಿದರು. ಮಕ್ಕಳನ್ನು ತಿರುಗಿ ಸೇರಿಸಿಕೊಳ್ಳಿ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಆಜ್ಞೆ ಮಾಡಿತು. ಹೇಳಿದ್ದನ್ನು ಮಾಡದೆ ನಿಂತ ಮಗುವೆಲ್ಲ ಅಗೌರವ ತೋರಿಸಿತು ಅಂತಲ್ಲ.

ಎರಡು ಮೂರು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಮೇಷ್ಟರ ಕಷ್ಟ ನನಗೆ ಅರ್ಥವಾಗುತ್ತೆ. ಆದರೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಏಟನ್ನೂ ನಿಷೇಧಿಸಿದೆ, ಮನಸ್ಸು ನೋಯಿಸಿ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. "ನಾಲ್ಕು ಬಿಡಿ ಮೇಷ್ಟ್ರೇ, ನಾನು ಕೇಳೋದಿಲ್ಲ" ಅಂತ ಅಪ್ಪ ಒಪ್ಪಿಗೆ ಕೊಟ್ಟರೂ ಆ ಕಲಂ ಸಡಿಲವಾಗೋದಿಲ್ಲ. ಅದರಲ್ಲಿ ಹೇಳಿರುವ ಶಿಸ್ತುಕ್ರಮ ಬರೋದು ಹೊಡೆದ ಮೇಷ್ಟರ ನೌಕರಿಗೆ, ಹೊಡೀರಿ ಅಂದ ಅಪ್ಪನಿಗಲ್ಲ.