ಬೀಮ್ ಹುಡುಗರಿಗೆ ಮಾತ್ರನಾ? ನಮ್ಮ ತಾಲ್ಲೂಕಿನ ಹೆಣ್ಮಕ್ಕಳ ತೋಳಿನ ಲೆಕ್ಕ

ಚಿಕ್ಕಬಳ್ಳಾಪುರ: ಆರ್ಮಿಗೆ ಹೋಗ್ಬೇಕು ಅಂತ ಬೆಳಗ್ಗೆ ಬೆಳಗ್ಗೆ ಓಡೋ ಯಾವ ಹುಡುಗನನ್ನಾದ್ರೂ ನಿಲ್ಲಿಸಿ "ಬೀಮ್ ಎಷ್ಟು ಹೊಡೀತೀಯಪ್ಪ?" ಅಂತ ಕೇಳಿ. ಯೋಚನೆನೇ ಮಾಡದೆ ನಂಬರ್ ಹೇಳ್ತಾನೆ. ಆರು, ಎಂಟು, ಹತ್ತು. ಯಾಕಂದ್ರೆ ಅಗ್ನಿವೀರ್ ದೈಹಿಕ ಪರೀಕ್ಷೆಯಲ್ಲಿ 6 ಬೀಮ್‌ಗೆ 16 ಅಂಕ, 10 ಬೀಮ್‌ಗೆ 40 ಅಂಕ. ಒಂದೊಂದು ಪುಲ್-ಅಪ್ ಕೂಡ ನೌಕರಿಯ ಲೆಕ್ಕಕ್ಕೆ ಬರುತ್ತೆ.

ಅದೇ ಗ್ರೌಂಡಿನಲ್ಲಿ ಪೊಲೀಸ್ ಆಗ್ಬೇಕು ಅಂತ ಪ್ರಾಕ್ಟೀಸ್ ಮಾಡೋ ಹುಡುಗಿಯನ್ನ ಕೇಳಿ. 400 ಮೀಟರ್ ಎಷ್ಟು ಸೆಕೆಂಡ್, ಲಾಂಗ್ ಜಂಪ್ ಎಷ್ಟು, ಗುಂಡು ಎಷ್ಟು ದೂರ ಎಲ್ಲಾ ಹೇಳ್ತಾಳೆ. ಬೀಮ್ ಅಂದ್ರೆ ಮಾತ್ರ ನಗ್ತಾಳೆ. "ಅದು ಹುಡುಗರದ್ದು ಅಣ್ಣ" ಅಂತಾಳೆ.

ಅವಳದ್ದೇನೂ ತಪ್ಪಿಲ್ಲ. ಅವಳನ್ನ ಆ ಪ್ರಶ್ನೆ ಯಾರೂ ಕೇಳೇ ಇಲ್ಲ. ಹೆಣ್ಮಕ್ಕಳಿಗೆ ಪುಲ್-ಅಪ್ ಆಗಲ್ಲ ಅನ್ನೋ ಮಾತು ನಮ್ಮಲ್ಲಿ ಎಷ್ಟು ನಿಜ, ಎಷ್ಟು ಬರೀ ಅಭ್ಯಾಸ ಅಂತ ಈ ವರದಿಯಲ್ಲಿ ನೋಡೋಣ.

ಯಾವ ಪರೀಕ್ಷೆಯಲ್ಲಿ ಏನಿದೆ?

ಮೊದಲು ಪೊಲೀಸ್. ಕರ್ನಾಟಕದ ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರಿಗೆ ಮೂರು ಪರೀಕ್ಷೆ. 400 ಮೀಟರ್ ಓಟ 2 ನಿಮಿಷದೊಳಗೆ. ಉದ್ದ ಜಿಗಿತ 2.50 ಮೀಟರ್, ಇಲ್ಲಾಂದ್ರೆ ಎತ್ತರ ಜಿಗಿತ 0.90 ಮೀಟರ್. 4 ಕೆ.ಜಿ. ಗುಂಡು 3.75 ಮೀಟರ್ ಎಸೆಯಬೇಕು. ಬೀಮ್ ಇಲ್ಲ.

ಅಗ್ನಿವೀರ್ ಮಹಿಳಾ ಮಿಲಿಟರಿ ಪೊಲೀಸ್‌ಗೆ 1.6 ಕಿ.ಮೀ. ಓಟ. ಮೊದಲ ಗುಂಪಿಗೆ ಬರಬೇಕಾದ್ರೆ 7 ನಿಮಿಷ 30 ಸೆಕೆಂಡ್, ಎರಡನೇ ಗುಂಪಿಗೆ 8 ನಿಮಿಷ. ಜೊತೆಗೆ 10 ಅಡಿ ಉದ್ದ ಜಿಗಿತ, 3 ಅಡಿ ಎತ್ತರ ಜಿಗಿತ. ಇಲ್ಲೂ ಬೀಮ್ ಇಲ್ಲ.

ಈಗ ಇನ್ನೊಂದು ಕಡೆ ನೋಡಿ. ಎಂಜಿನಿಯರಿಂಗ್ ಮುಗಿಸಿ ಸೇನೆಯಲ್ಲಿ ಅಧಿಕಾರಿ ಆಗೋಕೆ ಶಾರ್ಟ್ ಸರ್ವಿಸ್ ಕಮಿಷನ್ ಅಂತ ಇದೆ. ಅದರ ಇತ್ತೀಚಿನ ಅಧಿಸೂಚನೆಗಳಲ್ಲಿ ತರಬೇತಿಗೆ ಬರೋ ಮುಂಚೆ ಇರಬೇಕಾದ ದೇಹಶಕ್ತಿ ಪಟ್ಟಿ ಕೊಡ್ತಾರೆ. ಗಂಡಸರಿಗೆ 40 ಪುಷ್-ಅಪ್, 6 ಪುಲ್-ಅಪ್. ಹೆಂಗಸರಿಗೆ 15 ಪುಷ್-ಅಪ್, 2 ಪುಲ್-ಅಪ್.

ಅರ್ಥ ಆಯ್ತಾ? ಸಿಪಾಯಿ ಆಗೋ ಹುಡುಗಿಗೆ ಬೀಮ್ ಮುಟ್ಟು ಅಂತ ಯಾರೂ ಹೇಳಲ್ಲ. ಅಧಿಕಾರಿ ಆಗೋ ಹುಡುಗಿಗೆ ಎರಡಾದ್ರೂ ಹೊಡೆದು ಬಾ ಅಂತಾರೆ. ಸೇನೆಯೇ ಹೆಣ್ಮಕ್ಕಳ ಕೈಲಿ ಆಗುತ್ತೆ ಅಂತ ಒಪ್ಪಿಕೊಂಡಿದೆ, ಆದ್ರೆ ಆ ಸುದ್ದಿ ತಾಲ್ಲೂಕು ಗ್ರೌಂಡಿಗೆ ಇನ್ನೂ ಬಂದಿಲ್ಲ.

ಇದು ದೂರದ ಮಾತೇನಲ್ಲ. ಸೇನೆಯ ಮಿಲಿಟರಿ ಪೊಲೀಸ್ ವಿಭಾಗದ ಮೊದಲ ಮಹಿಳಾ ಸೈನಿಕರ ತಂಡ, 83 ಮಂದಿ, ತರಬೇತಿ ಮುಗಿಸಿ ಹೊರಬಂದಿದ್ದು ಇಲ್ಲೇ ಬೆಂಗಳೂರಿನಲ್ಲಿ, 2021ರ ಮೇ 8ರಂದು. ಪುಣೆ ಹತ್ತಿರದ ಎನ್‌ಡಿಎಯಿಂದ ಮೊದಲ 17 ಮಹಿಳಾ ಕೆಡೆಟ್‌ಗಳು ಪಾಸಾಗಿದ್ದು 2025ರ ಮೇ 30ರಂದು. ಬಾಗಿಲು ಒಂದೊಂದಾಗಿ ತೆಗೀತಿದೆ. ನಮ್ಮ ಹುಡುಗಿಯರು ಆ ಹೊತ್ತಿಗೆ ರೆಡಿ ಇರ್ತಾರಾ ಅನ್ನೋದು ಪ್ರಶ್ನೆ.

ಬಾವಿ ಹೋಯ್ತು, ತೋಳೂ ಹೋಯ್ತು

ಜಿಮ್‌ನಲ್ಲಿ ಲ್ಯಾಟ್ ಪುಲ್‌ಡೌನ್ ಅಂತ ಒಂದು ಮೆಷಿನ್ ಇರುತ್ತೆ. ಮೇಲೆ ರಾಟೆ, ಅದರಲ್ಲಿ ಒಂದು ಕೇಬಲ್. ಅದನ್ನ ಎದೆ ತನಕ ಕೆಳಕ್ಕೆ ಎಳೀಬೇಕು. ಪುಲ್-ಅಪ್‌ಗೆ ಬೇಕಾದ ಬೆನ್ನಿನ ಸ್ನಾಯು ಬೆಳೆಯೋಕೆ ಇದು ಒಳ್ಳೇ ಕಸರತ್ತು ಅಂತಾರೆ.

ಇದನ್ನ ನಮ್ಮ ಅಜ್ಜಿಯರು ದಿನಾ ಮಾಡ್ತಿದ್ರು. ಸೇದೋ ಬಾವಿ, ರಾಟೆ, ಹಗ್ಗ, ಕೊಡ. ದಿನಕ್ಕೆ ಹತ್ತಿಪ್ಪತ್ತು ಕೊಡ ನೀರು ಸೇದಿದ ಕೈಗೆ ಯಾವ ಮೆಷಿನ್ ಬೇಕಿತ್ತು? ಆಮೇಲೆ ಬಾವಿ ಬತ್ತಿತು. ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು. ಈಗ ನಲ್ಲಿ, ಟ್ಯಾಂಕರ್, ಕ್ಯಾನ್ ನೀರು. ಕಷ್ಟ ತಪ್ಪಿದ್ದು ಒಳ್ಳೇದೇ, ಯಾರೂ ಮತ್ತೆ ಬಾವಿಗೆ ಹೋಗಿ ಅನ್ನಲ್ಲ. ಆದ್ರೆ ಮೇಲಿಂದ ಕೆಳಕ್ಕೆ ಎಳೆಯೋ ಕೆಲಸ ಹೆಣ್ಮಕ್ಕಳ ದಿನಚರಿಯಿಂದ ಹೊರಟೇ ಹೋಯ್ತು. ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಹಾಗಂತ ನಮ್ಮ ಹೆಂಗಸರಲ್ಲಿ ಶಕ್ತಿ ಇಲ್ವಾ? ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರೋರು, ಚಿಂತಾಮಣಿ ಕಡೆ ಟೊಮೆಟೊ ಕ್ರೇಟ್ ಎತ್ತೋರು, ಗೌರಿಬಿದನೂರಿನ ಹೊಲಗಳಲ್ಲಿ ಜೋಳದ ತೆನೆ ಮುರಿಯೋರು ಯಾರು? ಹೊರೋದು, ಎತ್ತೋದು, ಬಗ್ಗೋದು ಎಲ್ಲಾ ಇದೆ. ಅದರಲ್ಲಿ ಸೊಂಟಕ್ಕೆ, ಕಾಲಿಗೆ ಕೆಲಸ ಜಾಸ್ತಿ. ಜೋತು ಬಿದ್ದು ತನ್ನ ಮೈಯನ್ನ ತಾನೇ ಮೇಲಕ್ಕೆ ಎಳ್ಕೊಳ್ಳೋದು ಬೇರೆ ಕೆಲಸ. ಅದನ್ನ ಬೇರೆಯಾಗೇ ಕಲೀಬೇಕು.

ಕಷ್ಟ ಅನ್ನೋದು ಸುಳ್ಳಲ್ಲ

ಇಲ್ಲಿ ಬಣ್ಣ ಹಚ್ಚೋದು ಬೇಡ. ಹೆಣ್ಮಕ್ಕಳಿಗೆ ಪುಲ್-ಅಪ್ ನಿಜವಾಗ್ಲೂ ಕಷ್ಟ. ಸರಾಸರಿ ತಗೊಂಡ್ರೆ ಹೆಂಗಸರ ಕಾಲಿನ ಶಕ್ತಿ ಗಂಡಸರದ್ದರ ಮೂರನೇ ಎರಡು ಭಾಗದಷ್ಟು ಇರುತ್ತೆ. ತೋಳು, ಬೆನ್ನು, ಭುಜದ ಶಕ್ತಿ ಅರ್ಧದ ಹತ್ತಿರ. ಹಾರ್ಮೋನಿನ ವ್ಯತ್ಯಾಸದಿಂದ ಮೈಯ ಮೇಲ್ಭಾಗದಲ್ಲಿ ಸ್ನಾಯು ಕಡಿಮೆ, ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ. ಪುಲ್-ಅಪ್‌ನಲ್ಲಿ ಎತ್ತಬೇಕಾಗಿರೋದು ಪೂರ್ತಿ ಮೈತೂಕವನ್ನೇ.

ಅಮೆರಿಕದ ಡೇಟನ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದ್ರು, 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬಗ್ಗೆ ಬರೆದಿತ್ತು. ಒಂದೂ ಪುಲ್-ಅಪ್ ಬರದ 17 ಮಹಿಳೆಯರಿಗೆ ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ತರಬೇತಿ ಕೊಟ್ರು. ಕೊನೆಗೆ ಒಂದು ಪುಲ್-ಅಪ್ ಹೊಡೆದವರು 4 ಮಂದಿ ಮಾತ್ರ. ಇದನ್ನ ಹಿಡ್ಕೊಂಡು "ನೋಡಿ, ಆಗಲ್ಲ" ಅಂದವರು ಬಹಳ. ಅದೇ ಪ್ರಯೋಗದಲ್ಲಿ ಆ ಮಹಿಳೆಯರ ಮೇಲ್ಭಾಗದ ಶಕ್ತಿ 36ರಷ್ಟು ಪ್ರತಿಶತ ಜಾಸ್ತಿ ಆಗಿತ್ತು. ಅದನ್ನ ಹೇಳಿದವರು ಕಡಿಮೆ.

ಅಮೆರಿಕದ ಮರೀನ್ ಪಡೆ ಕೂಡ 2014ರಿಂದ ಮಹಿಳೆಯರಿಗೆ ಕನಿಷ್ಠ 3 ಪುಲ್-ಅಪ್ ಕಡ್ಡಾಯ ಮಾಡ್ತೀವಿ ಅಂತ ಹೊರಟಿತ್ತು. 2013ರ ಕೊನೆಗೆ ನೋಡಿದ್ರೆ ತರಬೇತಿಯಲ್ಲಿದ್ದ ಮಹಿಳೆಯರಲ್ಲಿ ಶೇ 55ರಷ್ಟು ಮಂದಿಗೆ ಮೂರು ಆಗಲಿಲ್ಲ. ನಿಯಮ ಮುಂದಕ್ಕೆ ಹಾಕಿದ್ರು. 2017ರಿಂದ ಪುಲ್-ಅಪ್ ಇಲ್ಲಾಂದ್ರೆ ಪುಷ್-ಅಪ್, ಯಾವುದಾದ್ರೂ ಒಂದು ಆರಿಸಿಕೊಳ್ಳಿ ಅಂದ್ರು. ಆ ಶೇ 55ರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇದೆ. ಉಳಿದ ಶೇ 45ರಷ್ಟು ಮಂದಿ ಮೂರೂ ಹೊಡೆದಿದ್ರು.

ಈ ಎರಡರಿಂದ ನಮಗೆ ಗೊತ್ತಾಗೋದು ಇಷ್ಟು. ಮೂರು ತಿಂಗಳಲ್ಲಿ ಎಲ್ಲರಿಗೂ ಆಗಿಬಿಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದಕ್ಕೆ ಫೀಸೂ ಕಟ್ಟಬೇಡಿ. ಆರು ತಿಂಗಳು, ವರ್ಷ ಅಂತ ಇಟ್ಕೊಂಡು ಬಿಡದೆ ಮಾಡಿದ್ರೆ ತುಂಬಾ ಮಂದಿಗೆ ಬರುತ್ತೆ. ಬರದಿದ್ರೂ ಬೆನ್ನು, ಹಿಡಿತ, ಭುಜ ಗಟ್ಟಿ ಆಗೋದಂತೂ ಉಳಿಯುತ್ತೆ.

ಮೆಟ್ಟಿಲು ಹತ್ತಿದಂಗೆ

ನಮ್ಮಲ್ಲಿ ಆಗೋ ದೊಡ್ಡ ಎಡವಟ್ಟು ಏನಂದ್ರೆ ಮೊದಲ ದಿನವೇ ಬೀಮ್ ಹಿಡಿದು ನೇತಾಡೋದು, ಒಂದೂ ಆಗ್ಲಿಲ್ಲ ಅಂತ ಬಿಟ್ಟುಬಿಡೋದು. ಕ್ರಮ ಹೀಗಿದೆ:

1. ಮೊದಲು ಬರೀ ಜೋತು ಬೀಳೋದು. 10 ಸೆಕೆಂಡಿನಿಂದ ಶುರು ಮಾಡಿ 30 ಸೆಕೆಂಡಿಗೆ ತನ್ನಿ. ಕೈ ಹಿಡಿತ ಇದರಿಂದಲೇ ಬರೋದು.

2. ಜೋತು ಬಿದ್ದು ಮೊಣಕೈ ಮಡಚದೆ ಭುಜವನ್ನ ಮಾತ್ರ ಕಿವಿಯಿಂದ ಕೆಳಕ್ಕೆ ಎಳೀರಿ, ಬಿಡಿ. ಚಿಕ್ಕ ಚಲನೆ, ಆದ್ರೆ ಬೆನ್ನು ಎಚ್ಚರ ಆಗೋದು ಇಲ್ಲೇ.

3. ಸೊಂಟದ ಎತ್ತರದ ಕಂಬಿ ಹಿಡಿದು, ಕಾಲು ನೆಲದ ಮೇಲೆ ಮುಂದಕ್ಕೆ ಚಾಚಿ, ಮೈ ನೇರ ಇಟ್ಟು ಎದೆಯನ್ನ ಕಂಬಿಗೆ ಎಳ್ಕೊಳ್ಳೋದು. 8-10 ಸಲ, ಮೂರು ಸುತ್ತು.

4. ಸ್ಟೂಲ್ ಮೇಲೆ ನಿಂತು ಗಲ್ಲ ಬೀಮ್ ಮೇಲೆ ಇರೋ ಹಾಗೆ ಹಿಡ್ಕೊಂಡು ಕಾಲು ಬಿಡಿ. 5 ಸೆಕೆಂಡ್ ತಗೊಂಡು ನಿಧಾನಕ್ಕೆ ಇಳೀರಿ. ಹತ್ತೋಕೆ ಆಗದ ಕೈಗೂ ಇಳಿಯೋಕೆ ಆಗುತ್ತೆ. ಈ ಇಳಿಯೋದೇ ಹತ್ತೋದನ್ನ ಕಲಿಸುತ್ತೆ.

5. ಆಮೇಲೆ ರಬ್ಬರ್ ಬ್ಯಾಂಡ್ ಕಟ್ಟಿ, ಇಲ್ಲಾ ಗೆಳತಿ ಕಾಲಿಗೆ ಸ್ವಲ್ಪ ಆಸರೆ ಕೊಟ್ಟು ಹತ್ತೋದು. ಅಂಗೈ ನಮ್ಮ ಕಡೆ ತಿರುಗಿಸಿ ಹಿಡಿದ್ರೆ ಸುಲಭ, ಮೊದಲು ಅದನ್ನೇ ಕಲೀರಿ.

ವಾರಕ್ಕೆ ಮೂರು ದಿನ ಸಾಕು. ನಡುವೆ ಒಂದು ದಿನ ಬಿಡಬೇಕು, ಸ್ನಾಯು ಬೆಳೆಯೋದು ಆ ಬಿಡುವಿನಲ್ಲೇ. ಭುಜ ನೋವಿರೋರು, ಹೆರಿಗೆ ಆಗಿ ಹೆಚ್ಚು ದಿನ ಆಗದೇ ಇರೋರು ಡಾಕ್ಟರ್ ಹತ್ರ ಕೇಳಿಯೇ ಶುರು ಮಾಡಿ.

ಪೊಲೀಸ್ ಪರೀಕ್ಷೆಗೆ ಓದ್ತಿರೋರು "ನಮಗೆ ಬೀಮ್ ಇಲ್ವಲ್ಲ, ಯಾಕೆ?" ಅನ್ನಬಹುದು. 4 ಕೆ.ಜಿ. ಗುಂಡು ನೆನಪಿಸ್ಕೊಳ್ಳಿ. ಓಟ, ಜಿಗಿತ ಎರಡರಲ್ಲೂ ಪಾಸಾಗೋ ಹುಡುಗಿಗೂ ಗುಂಡಿನ ಭಯ ಇರುತ್ತೆ. ಗುಂಡು ಎಸೆಯೋದು ತಳ್ಳೋ ಕೆಲಸ, ಅದಕ್ಕೆ ಪುಷ್-ಅಪ್ ಬೇಕೇ ಬೇಕು. ಬರೀ ತಳ್ಳೋದನ್ನ ಮಾಡಿ ಎಳೆಯೋದನ್ನ ಬಿಟ್ರೆ ಭುಜ ಸಮತೋಲ ತಪ್ಪುತ್ತೆ. ಎರಡೂ ಜೊತೆಗೇ ಹೋಗಬೇಕು.

ತಟ್ಟೆ ನೋಡದೆ ಬೀಮ್ ಬೇಡ

ಇನ್ನೊಂದು ವಿಷಯ ಗ್ರೌಂಡಿನಲ್ಲಿ ಯಾರೂ ಮಾತಾಡಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದ್ರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ರಕ್ತ ಕಮ್ಮಿ ಇದ್ರೆ ಎರಡು ಸುತ್ತು ಓಡಿದ್ರೇ ಏದುಸಿರು. ಅದನ್ನ "ಸ್ಟ್ಯಾಮಿನಾ ಇಲ್ಲ" ಅಂತ ಕೋಚ್ ಬೈತಾರೆ, "ಸೋಮಾರಿ" ಅಂತ ಮನೇಲಿ ಬೈತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸ್ಕೊಳ್ಳಿ. 12ಕ್ಕಿಂತ ಕಮ್ಮಿ ಇದ್ರೆ ಮೊದಲು ಅದಕ್ಕೆ ಔಷಧಿ, ಆಮೇಲೆ ಬೀಮ್.

ಊಟಕ್ಕೆ ಡಬ್ಬದ ಪೌಡರೇ ಬೇಕು ಅಂತಿಲ್ಲ. ಮುದ್ದೆ ಜೊತೆ ಬಸ್ಸಾರು, ಕಾಳು ಪಲ್ಯ, ಕಡ್ಲೆಕಾಯಿ, ಮೊಟ್ಟೆ. 100 ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಸಮಸ್ಯೆ ಏನಂದ್ರೆ ಬಹಳ ಮನೆಗಳಲ್ಲಿ ಮೊಟ್ಟೆ ಮೊದಲು ಗಂಡು ಹುಡುಗನ ತಟ್ಟೆಗೆ ಬೀಳುತ್ತೆ. ಅಮ್ಮಂದಿರು ಇದನ್ನ ಓದ್ತಿದ್ರೆ ಒಂದ್ಸಲ ಯೋಚ್ನೆ ಮಾಡಿ.

ಕಂಬಿ ಇದೆ, ಟೈಮ್ ಇಲ್ಲ

ನಾಲ್ಕೂ ಊರಲ್ಲಿ ಗ್ರೌಂಡ್ ಇವೆ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ. ಝಾನ್ಸಿ ರಾಣಿ ಹೆಸರಿನ ಗ್ರೌಂಡ್ ಇರೋ ಜಿಲ್ಲೆಯಲ್ಲಿ ಹುಡುಗಿಯರಿಗೆ ಬೀಮ್ ಯಾಕೆ ಅಂತ ಕೇಳೋದು ಚೆನ್ನಾಗಿರಲ್ಲ ಬಿಡಿ.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹಳ್ಳಿ ಹುಡುಗಿಗೆ ತಾಲ್ಲೂಕು ಕೇಂದ್ರಕ್ಕೆ ಬರೋ ಬಸ್ ಖರ್ಚು ಉಳಿದಿದೆ. ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಗ್ರೌಂಡಿನಲ್ಲಿ ಇರೋಕೆ ಅವಳಿಗೆ ಬೇಕಾಗಿರೋದು ಬೇರೆ. ಸಂಜೆ ಲೈಟು, ಬಾಗಿಲು ಇರೋ ಶೌಚಾಲಯ, ಬಟ್ಟೆ ಬದಲಿಸೋಕೆ ಒಂದು ರೂಮು, ಸುತ್ತ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡೋರು ಇಲ್ಲದೇ ಇರೋದು. ಊರಿಗೆ ಕೊನೆ ಬಸ್ ಎಷ್ಟೊತ್ತಿಗೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಜೊತೆಗೆ ಬೀಮಿನ ಎತ್ತರ. ಹುಡುಗರು ಹಾರಿ ಹಿಡಿಯೋ ಎತ್ತರದ ಕಂಬಿ ಐದಡಿ ಎರಡಿಂಚಿನ ಹುಡುಗಿಗೆ ಕೈಗೇ ಸಿಗಲ್ಲ. ಅದರ ಪಕ್ಕದಲ್ಲೇ ಇನ್ನೆರಡು ಬೇಕು. ಒಂದು ಸೊಂಟದ ಮಟ್ಟಕ್ಕೆ, ಇನ್ನೊಂದು ಕೈ ಎತ್ತಿದ್ರೆ ಸಿಗೋ ಎತ್ತರಕ್ಕೆ. ಎರಡು ಜಿಐ ಪೈಪು, ನಾಲ್ಕು ಕಂಬ, ಸ್ವಲ್ಪ ಸಿಮೆಂಟು ಜಲ್ಲಿ, ಒಂದು ದಿನದ ವೆಲ್ಡಿಂಗ್ ಕೂಲಿ. ಇಷ್ಟೇ ಕೆಲಸ. ಗಣೇಶನ ಪೆಂಡಾಲಿಗೆ, ಅಣ್ಣಮ್ಮನ ಉತ್ಸವಕ್ಕೆ ಚಂದಾ ಕೊಡೋ ನಮ್ಮ ಬಜಾರಿನ ಹಾರ್ಡ್‌ವೇರ್, ವೆಲ್ಡಿಂಗ್ ಅಂಗಡಿಯವರು ಮನಸ್ಸು ಮಾಡಿದ್ರೆ ಒಂದು ವಾರದ ಮಾತು. ಜಿಮ್ ನಡೆಸೋ ಅಣ್ಣಂದಿರು ದಿನಕ್ಕೊಂದು ಗಂಟೆ ಲೇಡೀಸ್ ಟೈಮ್ ಇಟ್ರೆ, ಬರೀ ಟ್ರೆಡ್‌ಮಿಲ್ ತೋರಿಸಿ ಕೂರಿಸದೆ ಕಂಬಿ ಹಿಡಿಯೋದನ್ನೂ ಕಲಿಸಿದ್ರೆ ಅವರಿಗೂ ವ್ಯಾಪಾರವೇ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ನಗರಸಭೆ, ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದವರು ಮಾಡಬಹುದಾದ್ದು ಇನ್ನೂ ಸುಲಭ. ವಾರಕ್ಕೆ ಮೂರು ಸಂಜೆ, ಇಂಥ ಗಂಟೆ ಹುಡುಗಿಯರಿಗೆ ಅಂತ ಬೋರ್ಡ್ ಹಾಕೋದು. ಒಬ್ಬ ಮಹಿಳಾ ಕೋಚ್ ಅಥವಾ ಸೀನಿಯರ್ ಅಥ್ಲೀಟ್ ಅಕ್ಕ ಅಲ್ಲಿ ನಿಲ್ಲೋದು. ಇದಕ್ಕೆ ಟೆಂಡರ್ ಬೇಕಿಲ್ಲ.

ಮುಂದಿನ ಸಲ ಪೊಲೀಸ್, ಅಗ್ನಿವೀರ್ ಅಧಿಸೂಚನೆ ಬಂದಾಗ ಕೋಚಿಂಗ್ ಬೋರ್ಡ್‌ಗಳು ಊರೆಲ್ಲಾ ಏಳುತ್ತವೆ, ಒಂದು ತಿಂಗಳಲ್ಲಿ ರೆಡಿ ಮಾಡ್ತೀವಿ ಅಂತಾರೆ. ತೋಳು ಒಂದು ತಿಂಗಳಲ್ಲಿ ರೆಡಿ ಆಗಲ್ಲ. ಇವತ್ತು 10 ಸೆಕೆಂಡ್ ಜೋತು ಬಿದ್ದ ಹುಡುಗಿ ಮುಂದಿನ ವರ್ಷ ಗಲ್ಲ ಮೇಲೆ ತರ್ತಾಳೆ. ಕಂಬಿ ಅವಳ ಕೈಗೆ ಸಿಗೋ ಎತ್ತರದಲ್ಲಿ ಇರಬೇಕು, ಅಷ್ಟೇ.