ಗುಂಡಿನ ತೂಕ

ಹೋದ ಸಂಚಿಕೆಯಲ್ಲಿ ಕುಕ್ಕರಿನ ಸೀಟಿಯ ಕುರಿತು ಬರೆದಿದ್ದೆ. ಈ ಸಲವೂ ಅಡಿಗೆಮನೆಯ ವಿಷಯವನ್ನೇ ಎತ್ತಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ನಮ್ಮ ಅಕ್ಕನ ಮಗ ರಜೆಯ ಮೇಲೆ ಪುಣೆಗೆ ಬಂದ. ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ತಾಯಿಯ ಕಿವಿಗೆ ಬೀಳದಂತೆ ದನಿ ತಗ್ಗಿಸಿ ಕೇಳಿದ:

"ಮಾಮಾ, ಅಲ್ಲಿ ನಾನೊಂದು 9 ಮಿಲಿಮೀಟರಿನ ಚಿಕ್ಕ ಪಿಸ್ತೂಲು ತೊಗೊಂಡಿದೀನಿ. ಸೊಂಟದಲ್ಲಿ ಇಟ್ಟುಕೊಳ್ಳೋ ಅಂಥದ್ದು. ಅದಕ್ಕೆ 115 ಗ್ರೇನಿನ ಗುಂಡು ಒಳ್ಳೇದೋ, 124ರದೋ, 147ರದೋ? ನೀವು ಖಡ್ಕಿ ಕಾರ್ಖಾನೇಲಿ ಇದ್ದವರು, ನಿಮಗೆ ಗೊತ್ತಿರಬೇಕು."

1869ರಲ್ಲಿ ಆರಂಭವಾದ ಖಡ್ಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದರೂ ನೆಂಟರ ಮನೆಯ ಹುಡುಗ ಹೀಗೆ ಕೇಳಿದ್ದು ಇದೇ ಮೊದಲು.

ಗ್ರೇನ್ ಎಂದರೆ ಮೂಲದಲ್ಲಿ ಧಾನ್ಯದ ಒಂದು ಕಾಳು. 7000 ಗ್ರೇನಿಗೆ ಒಂದು ಪೌಂಡು. ಮನೆಮಂದಿಗೆಲ್ಲ ತಿಳಿಯುವಂತೆ ಹೇಳುವುದಾದರೆ, ಬಂಗಾರ ತೂಗುವ ಒಂದು ತೊಲಕ್ಕೆ 180 ಗ್ರೇನ್. ಆದ್ದರಿಂದ 115 ಗ್ರೇನಿನ ಗುಂಡು ಸುಮಾರು 7.5 ಗ್ರಾಮ್, 124ರದು 8 ಗ್ರಾಮ್, 147ರದು 9.5 ಗ್ರಾಮ್. ಇಡೀ ತೋಟಾದ ತೂಕವೆಂದು ತಿಳಿಯಬಾರದು. ಹಾರಿಹೋಗುವ ಗುಂಡಿನ ತೂಕ ಮಾತ್ರ.

ಹಗುರವಾದದ್ದು ವೇಗವಾಗಿ ಹೋಗುತ್ತದೆ, ಭಾರವಾದದ್ದು ನಿಧಾನವಾಗಿ. ಸಾಮಾನ್ಯ ಪಿಸ್ತೂಲಿನಿಂದ 115ರ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟರೆ, 147ರದು ಸುಮಾರು 300 ಮೀಟರ್. ಆದರೆ ಚಿಕ್ಕ ಪಿಸ್ತೂಲಿನ ನಳಿಗೆ 3 ಅಂಗುಲವಷ್ಟೆ. ಮದ್ದಿನ ಹೊಗೆ ಗುಂಡನ್ನು ದೂಡುವ ದಾರಿಯೇ ಗಿಡ್ಡವಾದ್ದರಿಂದ ವೇಗ ಇನ್ನಷ್ಟು ಇಳಿಯುತ್ತದೆ.

ವೇಗ ಇಳಿದರೆ ಏನಾಯಿತು ಎನ್ನಬಹುದು. ಆತ್ಮರಕ್ಷಣೆಗೆಂದು ಅಲ್ಲಿ ಮಾರುವ ಗುಂಡಿನ ಮೂತಿಯಲ್ಲಿ ಒಂದು ಕುಳಿಯಿರುತ್ತದೆ. ದೇಹಕ್ಕೆ ತಗುಲಿದೊಡನೆ ಅದು ಅರಳಿಕೊಂಡು ಅಲ್ಲಿಯೇ ನಿಲ್ಲಬೇಕು. ದಾಟಿಹೋಗಿ ಹಿಂದೆ ನಿಂತ ಬಡಪಾಯಿಗೆ ತಾಗಬಾರದು. ಯುದ್ಧದಲ್ಲಿ ಇಂಥ ಅರಳುವ ಗುಂಡು ಕೂಡದೆಂದು 1899ರ ಹೇಗ್ ಘೋಷಣೆ ಹೇಳಿತು. ಅಮೆರಿಕದ ಪೋಲೀಸರು ಮಾತ್ರ ಈ ಕಾರಣಕ್ಕಾಗಿಯೇ ಅದನ್ನು ಬಳಸುತ್ತಾರೆ. ವೇಗ ಸಾಲದಿದ್ದರೆ ಗುಂಡು ಅರಳುವುದಿಲ್ಲ. ಬೇಗನೆ ಅರಳಿದರೆ ಆಳಕ್ಕೆ ಹೋಗುವುದಿಲ್ಲ.

ಇದಕ್ಕೆ ಬೆಲೆ ತೆತ್ತವರುಂಟು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್.ಬಿ.ಐ. ಸಿಬ್ಬಂದಿ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. 115 ಗ್ರೇನಿನ ಒಂದು ಗುಂಡು ಒಬ್ಬನ ತೋಳನ್ನು ತೂರಿ, ಎದೆಯೊಳಗೆ ಹೊಕ್ಕು, ಹೃದಯಕ್ಕೆ ಒಂದಂಗುಲದಷ್ಟು ಈಚೆಗೇ ನಿಂತುಬಿಟ್ಟಿತು. ಅವನು ಆಮೇಲೂ ಕಾದಾಡಿದ. ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ಅಲ್ಲಿಂದ ಮುಂದೆ ಗುಂಡುಗಳನ್ನು ಜೆಲಟಿನ್ ಅಚ್ಚಿನೊಳಗೆ ಹಾರಿಸಿ, 12ರಿಂದ 18 ಅಂಗುಲ ಆಳಕ್ಕೆ ಹೋಗುವುದನ್ನೇ ಒಪ್ಪಬೇಕೆಂಬ ನಿಯಮ ಬಂತು. ಭಾರದ ಗುಂಡು, ದಪ್ಪ ಗುಂಡು ಎಂದು ಓಡಾಡಿದ ಎಫ್.ಬಿ.ಐ. 2010ರ ದಶಕದಲ್ಲಿ ಪುನಃ 9 ಮಿಲಿಮೀಟರಿಗೇ ಮರಳಿತು. ಗುಂಡು ಮಾಡುವ ರೀತಿ ಅಷ್ಟರಲ್ಲಿ ಸುಧಾರಿಸಿತ್ತು; ಕಡಿಮೆ ಜಗ್ಗುವ ಪಿಸ್ತೂಲಿನಲ್ಲಿ ಗುರಿಯೂ ಚೆನ್ನಾಗಿ ಕೂರುತ್ತಿತ್ತು.

"ಹಾಗಾದರೆ ನನಗೆ ಯಾವುದು?" ಎಂದ ಹುಡುಗ.

"ಇದನ್ನು ಬರಿಯ ತೂಕ ನೋಡಿ ಹೇಳಲಾಗದಪ್ಪ. ನಿನ್ನಷ್ಟೇ ಗಿಡ್ಡ ನಳಿಗೆಯಿಂದ ಹಾರಿಸಿ ಪರೀಕ್ಷೆ ಮಾಡಿದ ಗುಂಡನ್ನು ಆರಿಸಿಕೊ. 124ರಿಂದ ಶುರು ಮಾಡು, 147ನ್ನೂ ನೋಡು. ಹಗುರದ ಗುಂಡು ಕೈಗೆ ಚುರುಕಾಗಿ ಹೊಡೆಯುತ್ತದೆ, ಭಾರದ್ದು ಮೆಲ್ಲಗೆ ನೂಕುತ್ತದೆ. ನಿನ್ನ ಕೈಗೆ ಯಾವುದು ಹಿತ, ಯಾವುದರಲ್ಲಿ ಎರಡನೆಯ ಗುಂಡೂ ಗುರಿಗೆ ಬೀಳುತ್ತದೆ ನೋಡಿಕೊ. ಚಿಕ್ಕ ಪಿಸ್ತೂಲಿನ ಸ್ಪ್ರಿಂಗು ಬಿಗಿ. ಕೆಲವು ತೋಟಾಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಅಭ್ಯಾಸಕ್ಕೆ ಒಂದು, ಸೊಂಟಕ್ಕೆ ಇನ್ನೊಂದು ಎಂದು ಇಟ್ಟುಕೊಂಡು, ಎರಡನೆಯದನ್ನು ಒಮ್ಮೆಯೂ ಹಾರಿಸಿ ನೋಡದೆ ಇರಬೇಡ. ಗುರಿ ತಪ್ಪಿದ ಗುಂಡು ಎಷ್ಟು ಗ್ರೇನಿನದಾದರೂ ಯಾರದೋ ಮನೆಯ ಗೋಡೆ ತೂರುತ್ತದೆ. ಅದಕ್ಕೆ ಹೊಣೆ ನೀನು."

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಾಲ್ಕು ವರ್ಷದ ಕೂಸು ಓಡಾಡೋ ಮನೆ. ಆ ದರಿದ್ರದ್ದನ್ನ ಎಲ್ಲಿಡ್ತೀಯೋ?" ಎಂದಳು.

"ಬೀರುವಿನ ಮೇಲೆ, ಅಮ್ಮ. ಅವಳಿಗೆ ಎಟುಕೋದಿಲ್ಲ."

"ನಿನಗೂ ಸಕ್ಕರೆ ಡಬ್ಬ ಎಟುಕ್ತಿರಲಿಲ್ಲ. ಕುರ್ಚಿ ಎಳಕೊಂಡು ಹತ್ತಲಿಲ್ಲವೇ?"

ಹುಡುಗ ತಲೆ ತಗ್ಗಿಸಿದ. ಖಡ್ಕಿಯ ಇಷ್ಟು ವರ್ಷದ ಅನುಭವವಿದ್ದೂ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದವನು ನಾನೇ ಎಂದು ನನಗೂ ನಾಚಿಕೆಯಾಯಿತು.

ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. 9 ಮಿಲಿಮೀಟರಿನದಂತೂ ಸಾಮಾನ್ಯ ಪ್ರಜೆಗೆ ನಿಷಿದ್ಧ. ಆದರೆ ನಮ್ಮಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿದ್ದಾರೆ. ಅವರ ಬೀರುವಿನ ಮೇಲೆ ಏನಿದೆಯೆಂದು ತಂದೆತಾಯಿಗಳು ಸಂಕೋಚವಿಲ್ಲದೆ ಕೇಳುವುದು ಒಳ್ಳೆಯದು.

ಹೋದ ವಾರ ಅವನ ಫೋನ್ ಬಂತು. 147ರ ಗುಂಡು ಕೈಗೆ ಹಿತವಾಗಿದ್ದರೂ ಅವನ ಪಿಸ್ತೂಲಿನಲ್ಲಿ ಎರಡು ಸಲ ಸಿಕ್ಕಿಕೊಂಡಿತಂತೆ. 124ರದು ಇನ್ನೂರು ಹಾರಿಸಿದರೂ ಒಮ್ಮೆಯೂ ತೊಡಕಾಗಲಿಲ್ಲವಂತೆ. ಇದನ್ನು ನಾನು ಅಕ್ಕನಿಗೆ ಉತ್ಸಾಹದಿಂದ ವಿವರಿಸಹೋದೆ.

"ಅದೆಲ್ಲ ಇರಲಿ," ಎಂದಳು ಅಕ್ಕ. "ಬೀಗದ ಪೆಟ್ಟಿಗೆ ತೊಗೊಂಡ್ನಾ?"

ತೊಗೊಂಡಿದ್ದ. ಗೋಡೆಗೆ ಬಿಗಿಯುವ ಉಕ್ಕಿನ ಪೆಟ್ಟಿಗೆ.