ಕುಳಗಿಗೆ ಗುರು ಯಾಕೆ ಬೇಕು?

ಕಳೆದ ಚಳಿಗಾಲ ಕಾಲೇಜಿನ ಹುಡುಗ ಹುಡುಗಿಯರ ಜೊತೆ ಕುಳಗಿಯ ನಿಸರ್ಗ ಶಿಬಿರದಲ್ಲಿ ಎರಡು ರಾತ್ರಿ ಉಳಿದಿದ್ದೆ. ದಾಂಡೇಲಿಯಿಂದ ಅಂಬಿಕಾನಗರದ ಕಡೆ ಹೋಗುವ ರಸ್ತೆಯಲ್ಲಿ, ಕಾಡಿನ ನಡುವೆ ಇರುವ ಊರು. ಊಟ ಮುಗಿಸಿ ದೀಪ ಆರಿಸಿದರೆ ಆಕಾಶ ತಲೆಯ ಮೇಲೇ ಇಳಿದ ಹಾಗೆ ಕಾಣುತ್ತದೆ. ಹಕ್ಕಿ ನೋಡಲೆಂದು ಒಬ್ಬ ಹುಡುಗ ಬೈನಾಕ್ಯುಲರ್ ತಂದಿದ್ದ. ಅದನ್ನು ಕಂಬಕ್ಕೆ ಒತ್ತಿ ಹಿಡಿದು ಗುರುಗ್ರಹದ ಕಡೆ ತಿರುಗಿಸಿದೆವು. ಗ್ರಹದ ಅಕ್ಕಪಕ್ಕ ಸಾಲಾಗಿ ಮೂರು ಚುಕ್ಕೆ. 1610ರಲ್ಲಿ ಗೆಲಿಲಿಯೊ ಕಂಡ ಉಪಗ್ರಹಗಳು ಇವೇ ಎಂದೆ. ಆಮೇಲೆ, ಅವನ ಹೆಸರಿನ ಒಂದು ನೌಕೆ ಆ ಗ್ರಹದ ಮೋಡದೊಳಗೆ ಒಂದು ಯಂತ್ರವನ್ನು ಬೀಳಿಸಿದ ಕತೆ ಹೇಳತೊಡಗಿದೆ.

ನಮ್ಮ ಜೊತೆ ಬಂದಿದ್ದ ಹಿರಿಯ ಕತೆಗಾರರೊಬ್ಬರು ನಡುವೆಯೇ ಕೇಳಿದರು: "ಅಲ್ಲ ಮಾರಾಯ್ರೇ, ಗುರುವಿನ ಮೋಡ ಅಳೆದರೆ ಈ ಕುಳಗಿಗೆ ಏನು ಬಂತು? ಇಲ್ಲಿಯ ಮಗು ಕಾಲೇಜಿಗೆ ಹೋಗಲು ಬಸ್ಸಿಗೆ ಕಾಯಬೇಕು. ಅಲ್ಲಿ ನೂರು ಕೋಟಿ ಡಾಲರು ಸುಟ್ಟು ಒಂದು ಡಬ್ಬಿಯನ್ನು ಬಾವಿಗೆ ಎಸೆದು ಬಂದರು." ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಇದು ತಡವಾಗಿ ಬಂದ ಉತ್ತರ.

ಅವರ ಮಾತು ಹಗುರದ್ದಲ್ಲ. ಗೆಲಿಲಿಯೊ ಯೋಜನೆಗೆ ನೂರು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾದದ್ದು ನಿಜ. ಕಳಿಸಿದ ಯಂತ್ರ ವಾಪಸು ಬರಲಿಲ್ಲ ಎಂಬುದೂ ನಿಜ. ಆದರೆ ಈ ವಾದವನ್ನು ನಾನು ಕನ್ನಡದ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದರ ಮೇಲೆ ಅನುಮಾನವೇ ಬಂದಿದೆ. ಬಡವರ ಹೆಸರು ಹೇಳಿ ತಿಳಿವಳಿಕೆಯ ಬಾಗಿಲು ಹಾಕುವುದು ನಮಗೆ ತೀರಾ ಸಲೀಸಾಗಿಬಿಟ್ಟಿದೆ.

ಮೊದಲು ಅಲ್ಲಿ ಆದದ್ದೇನು ನೋಡೋಣ. ಶೋಧಕದ ತೂಕ 339 ಕಿಲೋ. ತಾಯಿನೌಕೆ ಅದನ್ನು 1995ರ ಜುಲೈ 13ರಂದು ಬಿಟ್ಟುಕೊಟ್ಟಿತು. ಅದಕ್ಕೆ ಎಂಜಿನ್ ಇಲ್ಲ, ದಿಕ್ಕು ತಿದ್ದಿಕೊಳ್ಳುವ ಉಪಾಯವೂ ಇಲ್ಲ. ಎಸೆದ ಕಲ್ಲಿನ ಹಾಗೆ ಐದು ತಿಂಗಳು ಸುಮ್ಮನೆ ಸಾಗಿತು. ಡಿಸೆಂಬರ್ 7ರಂದು ಗುರುವಿನ ವಾತಾವರಣಕ್ಕೆ ತಾಗಿದಾಗ ಅದರ ವೇಗ ಸೆಕೆಂಡಿಗೆ 47 ಕಿಲೋಮೀಟರು. ಬೆಂಗಳೂರಿನಿಂದ ದಾಂಡೇಲಿಗೆ ಹತ್ತು ಸೆಕೆಂಡಿನ ದಾರಿ ಎಂದುಕೊಳ್ಳಿ. ಶಾಖ ತಡೆಯಲು ಹೊದಿಸಿದ್ದ ಕವಚದಲ್ಲಿ ಅರ್ಧಕ್ಕೂ ಹೆಚ್ಚು ಉರಿದು ಹೋಯಿತು. ಪ್ಯಾರಾಚೂಟ್ ಬಿಚ್ಚಿಕೊಂಡಿತು, ಯಂತ್ರ ಇಳಿಯುತ್ತಾ ಅಳೆಯತೊಡಗಿತು. ಒತ್ತಡ, ಉಷ್ಣ, ಗಾಳಿಯ ವೇಗ, ಮೋಡದ ದಪ್ಪ, ಯಾವ ಅನಿಲ ಎಷ್ಟು ಎಂಬುದು. 58 ನಿಮಿಷ ಹೀಗೆ ಹೇಳುತ್ತಲೇ ಹೋಯಿತು. ನಮ್ಮ ಕಡಲತೀರದ ಒತ್ತಡದ 22 ಪಟ್ಟು ಒತ್ತಡ, 150 ಡಿಗ್ರಿ ದಾಟಿದ ಉಷ್ಣ ತಲುಪಿದಾಗ ದನಿ ನಿಂತಿತು. ಅಷ್ಟರಲ್ಲಿ ಅದು ಇಳಿದದ್ದು ಸುಮಾರು 150 ಕಿಲೋಮೀಟರು. ಗುರುವನ್ನು ಒಂದು ಹಲಸಿನಹಣ್ಣು ಅಂದುಕೊಂಡರೆ, ಶೋಧಕ ಮುಟ್ಟಿದ್ದು ಮುಳ್ಳಿನ ತುದಿಯನ್ನು ಮಾತ್ರ.

ಅದು ಕಳಿಸಿದ ಸುದ್ದಿ ವಿಜ್ಞಾನಿಗಳಿಗೆ ಹಿತವಾಗಿರಲಿಲ್ಲ. ಗುರುವಿನಲ್ಲಿ ನೀರಿನ ದಟ್ಟ ಮೋಡ ಸಿಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಸಿಕ್ಕಿದ್ದು ಒಣ ಗಾಳಿ. ಆಳಕ್ಕೆ ಹೋದಂತೆ ಗಾಳಿಯ ರಭಸ ತಗ್ಗಬಹುದು ಎಂದುಕೊಂಡಿದ್ದವರಿಗೆ ಅದು ತಗ್ಗದೆ ಬೀಸುತ್ತಿದ್ದದ್ದು ಕಂಡಿತು. ಆಮೇಲೆ ತಿಳಿಯಿತು, ಯಂತ್ರ ಬಿದ್ದದ್ದು ಒಣ ಗಾಳಿ ಕೆಳಗಿಳಿಯುವ ಒಂದು ವಿಶೇಷ ಜಾಗದಲ್ಲಿ. ನಮ್ಮ ಭೂಮಿಯ ಮಳೆ ಅಳೆಯಲು ಬಂದವನು ಆಗುಂಬೆ ಬಿಟ್ಟು ಥಾರ್ ಮರುಭೂಮಿಯಲ್ಲಿ ಇಳಿದಂತೆ. ಪ್ಯಾರಾಚೂಟ್ ಕೂಡ 53 ಸೆಕೆಂಡು ತಡವಾಗಿ ಬಿಚ್ಚಿತ್ತು. ಒಳಗಿನ ಸ್ವಿಚ್ಚುಗಳ ವೈರು ಅದಲುಬದಲಾದದ್ದೇ ಕಾರಣವೆಂದು ತನಿಖೆ ಬೊಟ್ಟು ಮಾಡಿತು. ಇವೆಲ್ಲ ಅಚ್ಚಾಗಿವೆ. ಯಾರು ಬೇಕಾದರೂ ಓದಬಹುದು. ನೀರಿನ ಪ್ರಶ್ನೆಯನ್ನು ಮುಚ್ಚಿಡಲೂ ಇಲ್ಲ. 2016ರಲ್ಲಿ ಗುರುವನ್ನು ತಲುಪಿದ ಜುನೋ ನೌಕೆ ಅದನ್ನೇ ಮತ್ತೆ ಕೇಳಿತು. ಸಮಭಾಜಕದ ಬಳಿ ನೂರಕ್ಕೆ ಕಾಲು ಭಾಗದಷ್ಟು ಅಣುಗಳು ನೀರಿನವು ಎಂಬ ಉತ್ತರ 2020ರಲ್ಲಿ ಬಂತು. ಒಂದು ತಪ್ಪು ಲೆಕ್ಕವನ್ನು ಕಾಲು ಶತಮಾನ ಬಿಡದೆ ಬೆನ್ನುಹತ್ತಿದ್ದು ಇದು. ಗೆಳೆಯರು ಬಾವಿಗೆ ಎಸೆದ ಡಬ್ಬಿ ಎಂದದ್ದು ಇದನ್ನು.

ಈಗ ಕುಳಗಿಗೆ ಬರೋಣ. ಈ ಸೀಮೆಯಿಂದ ಕಿತ್ತುಕೊಂಡದ್ದು ಏನು, ಕಿತ್ತುಕೊಂಡವರು ಯಾರು? ಶಿಬಿರದಿಂದ ಹೆಚ್ಚು ದೂರವಿಲ್ಲದ ಕಾಳಿ ನದಿಯನ್ನು ಕೇಳಿ. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ನಡುವೆ ನಾಗಝರಿ ವಿದ್ಯುದಾಗಾರ, ಕೆಳಗೆ ಕೈಗಾ. ಹಳೆಯ ಸೂಪಾ ಪೇಟೆ ನೀರಿನಡಿ ಇದೆ. ಅಲ್ಲಿಂದ ಎದ್ದವರು ರಾಮನಗರದಲ್ಲಿ ಹೊಸದಾಗಿ ಬಾಳು ಕಟ್ಟಬೇಕಾಯಿತು. ಗುರುಗ್ರಹಕ್ಕೆ ಹೋದ ಒಂದು ರೂಪಾಯಿಯೂ ಇವರ ಜೇಬಿನಿಂದ ಹೋದದ್ದಲ್ಲ. ಇವರಿಂದ ಹೋದದ್ದೆಲ್ಲ "ಉಪಯೋಗ"ದ ಹೆಸರಿನಲ್ಲೇ ಹೋಯಿತು. ಉಪಯೋಗವಿಲ್ಲದ ವಿಜ್ಞಾನ ಯಾಕೆ ಎಂದು ಕೇಳುವ ಗೆಳೆಯರು ಇಷ್ಟನ್ನು ನೆನಪಿಡಬೇಕು: ಕುಳಗಿಯ ಸುತ್ತಲಿನ ಕಾಡು ಹೊಳೆಗೆ ಪೆಟ್ಟು ಬಿದ್ದದ್ದು ಉಪಯೋಗವುಳ್ಳ ಯೋಜನೆಗಳಿಂದ.

ಇನ್ನೊಂದು ಮಾತು. ಗೆಲಿಲಿಯೊ ನೌಕೆ ಭೂಮಿ ಬಿಟ್ಟದ್ದು 1989ರ ಅಕ್ಟೋಬರ್ 18ರಂದು. ತಾಯಿನೌಕೆಯ ವಿದ್ಯುತ್ತಿಗೆ ಪ್ಲುಟೋನಿಯಂ ಇಂಧನ ಇತ್ತು. ಉಡಾವಣೆ ಕೆಟ್ಟರೆ ಗತಿಯೇನು ಎಂದು ಅಮೆರಿಕದಲ್ಲಿ ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ಕೋರ್ಟು ತಡೆ ಕೊಡಲಿಲ್ಲ. ಅದರ ಮರುತಿಂಗಳು ನಮ್ಮ ಉತ್ತರ ಕನ್ನಡದಲ್ಲಿ 87 ವರ್ಷದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆ ಚುನಾವಣೆಗೆ ನಿಂತಿದ್ದರು. ಸೋತರು. ಆಗ ಅವರನ್ನು ವಿಜ್ಞಾನದ ಶತ್ರು ಎಂದವರು ಇದ್ದರು. ಕನ್ನಡದ ಮಕ್ಕಳಿಗೆ 'ಬಾಲ ಪ್ರಪಂಚ' ಕೊಟ್ಟವರು, ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದವರು ವಿಜ್ಞಾನದ ಶತ್ರುವಾಗುವುದು ಹೇಗೆ? ನಕ್ಷತ್ರದ ಬಗ್ಗೆ ಬರೆದ ಕೈಯೇ ಸ್ಥಾವರದ ವಿರುದ್ಧ ನಾಮಪತ್ರಕ್ಕೆ ಸಹಿ ಹಾಕಿತು. ಅವರಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ. ತಿಳಿಯಬೇಕು ಎನ್ನುವವನೇ, ತಿಳಿಯದೆ ಮಾಡಬೇಡಿ ಎಂದೂ ಹೇಳುತ್ತಾನೆ. ಐದು ವರ್ಷದ ಮೇಲೆ, 1994ರ ಮೇ 13ರಂದು, ಕೈಗಾದ ಮೊದಲ ಘಟಕದ ಒಳಗುಮ್ಮಟ ಕಟ್ಟುತ್ತಿರುವಾಗಲೇ ಕುಸಿಯಿತು. ಪ್ರಶ್ನೆ ಕೇಳಿದವರು ವಿಜ್ಞಾನಕ್ಕೆ ಅಡ್ಡ ಬಂದವರಲ್ಲ ಎಂದು ಒಪ್ಪಿಕೊಳ್ಳಲು ಅಷ್ಟಾದರೂ ಸಾಕಿತ್ತು.

ಗೆಳೆಯರನ್ನೇ ಬೈದು ನಿಲ್ಲಿಸಿದರೆ ಪಕ್ಷಪಾತವಾದೀತು. ಆಚೆ ಬದಿಯಲ್ಲಿ ಬಾವುಟ ಬೀಸುವವರಿದ್ದಾರೆ. 2008ರ ನವೆಂಬರ್ 14ರ ರಾತ್ರಿ ಚಂದ್ರಯಾನ-1ರಿಂದ ಬಿಡುಗಡೆಯಾದ ಒಂದು ಪುಟ್ಟ ಶೋಧಕ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಹೋಗಿ ಬಡಿಯಿತು. ಅದೂ ವಾಪಸು ಬರಲೆಂದು ಹೋದದ್ದಲ್ಲ. ಮೈಮೇಲೆ ತ್ರಿವರ್ಣ ಬಳಿದಿತ್ತು. ಮರುದಿನ ಮಾತೆಲ್ಲ ಬಾವುಟ ಮುಟ್ಟಿತು ಎಂಬುದರದ್ದೇ. ಬೀಳುವ ಆ ಇಪ್ಪತ್ತೈದು ನಿಮಿಷ ಅದರೊಳಗಿನ ಚೇಸ್ ಎಂಬ ಉಪಕರಣ ಚಂದ್ರನ ಅತಿ ತೆಳು ವಾತಾವರಣವನ್ನು ಅಳೆಯುತ್ತಿತ್ತು, ನೀರಾವಿಯ ಗುರುತು ಹಿಡಿಯಿತು. ಈ ಸಂಕೇತಗಳ ಕೇಂದ್ರ ನಮ್ಮ ಬೆಂಗಳೂರೇ, ಚಂದ್ರಯಾನದ ಮಾತು ಕೇಳಲು ಕಟ್ಟಿದ ದೊಡ್ಡ ತಟ್ಟೆ ಇರುವುದು ಹತ್ತಿರದ ಬ್ಯಾಲಾಳುವಿನಲ್ಲಿ. ಕನ್ನಡ ನಾಡಿನ ನೆಲಕ್ಕೆ ಬಂದಿಳಿದ ಆ ಅಳತೆಯ ಬಗ್ಗೆ ಕನ್ನಡದಲ್ಲಿ ಎಷ್ಟು ಬರಹ ಬಂದಿದೆ, ಲೆಕ್ಕ ಹಾಕಿ. ಬಾವುಟದವರಿಗೆ ಬಿದ್ದದ್ದು ಸಾಕು, ಗೆಳೆಯರಿಗೆ ಬಿದ್ದದ್ದು ದಂಡ. ಬೀಳುತ್ತಾ ಅದು ಏನು ಹೇಳಿತು ಎಂದು ಇಬ್ಬರೂ ಕೇಳಲಿಲ್ಲ.

ಕುಳಗಿಯಲ್ಲಿ ಅದನ್ನು ಕೇಳಿದವರು ಒಬ್ಬರಿದ್ದರು. ನಮ್ಮ ಮಾತು ಮುಗಿದು ಹುಡುಗರು ಡೇರೆಗೆ ಹೋದ ಮೇಲೆ, ಅಡುಗೆ ಮಾಡುತ್ತಿದ್ದವರು ಪಾತ್ರೆ ಬೋರಲು ಹಾಕಿ ನನ್ನ ಹತ್ತಿರ ಬಂದರು. "ಸರ, ಆ ಮಷೀನು ವಾಪಸ್ ಬರಲೇ ಇಲ್ಲೇನ್ರಿ?" ಎಂದರು. ಇಲ್ಲ ಎಂದೆ. "ಹಂಗಾದ್ರ ಒಳಗ ಏನೈತಿ ಅಂತ ಯಾರಿಗೆ ಹೇಳ್ತು?" ತಾಯಿನೌಕೆ ಮೇಲೆ ಹಾದು ಹೋಗುತ್ತಾ ಅದರ ಮಾತು ಕೇಳಿ ಇಟ್ಟುಕೊಂಡದ್ದನ್ನು, ದೊಡ್ಡ ಆಂಟೆನಾ ಬಿಚ್ಚಿಕೊಳ್ಳದೆ ಕೈಕೊಟ್ಟದ್ದರಿಂದ ಚಿಕ್ಕ ಆಂಟೆನಾದಿಂದ ಹನಿಹನಿಯಾಗಿ ಭೂಮಿಗೆ ಕಳಿಸಿದ್ದನ್ನು ವಿವರಿಸಿದೆ. ಅವರು ಬೈನಾಕ್ಯುಲರ್ ಕೇಳಿ ಪಡೆದು ಬಹಳ ಹೊತ್ತು ನೋಡಿದರು. ಬಸ್ಸಿನ ಮಾತನ್ನು ಅವರು ಎತ್ತಲಿಲ್ಲ. ಬಸ್ಸು ಬೇಡವೆಂದಲ್ಲ. ಬಸ್ಸೂ ಬೇಕು, ಇದೂ ಬೇಕು. ಒಂದೇ ಆರಿಸಿಕೋ ಎಂದು ಅವರ ಮುಂದೆ ಇಟ್ಟವರು ನಾವು, ಸಂಬಳ ಬರುವವರು.

ನಮ್ಮ ಮನೆಗಳಲ್ಲಿ ಮಗಳ ಮದುವೆಗೆ ಮೊದಲು ಗುರುಬಲ ನೋಡುತ್ತಾರೆ. ಗುರು ಯಾವ ರಾಶಿಗೆ ಬಂದ ಎಂದು ತಿಳಿಯಲು ದಕ್ಷಿಣೆ ಕೊಟ್ಟು ಕೇಳುತ್ತಾರೆ. ಅದಕ್ಕೆ ಯಾರೂ ಬಸ್ಸಿನ ಲೆಕ್ಕ ಹಾಕುವುದಿಲ್ಲ. ಗುರುವಿನ ಒಳಗೆ ನಿಜಕ್ಕೂ ಏನಿದೆ ಎಂದಾಗ ಮಾತ್ರ ಕುಳಗಿಯ ಬಡತನ ನೆನಪಾಗುತ್ತದೆ.

ನಾನು ಬೇಡುವುದು ಗುರುವಿಗೆ ತೋರಿದ ಕಾಳಜಿ ಕಾಳಿಗೂ ಸಿಗಲಿ ಎಂದು. 2003ರ ಸೆಪ್ಟೆಂಬರ್ 21ರಂದು ತಾಯಿನೌಕೆಯನ್ನೂ ಬೇಕೆಂದೇ ಗುರುವಿನೊಳಗೆ ಬೀಳಿಸಿ ಸುಟ್ಟರು. ಯುರೋಪಾ ಎಂಬ ಉಪಗ್ರಹದ ಮಂಜುಗಡ್ಡೆಯ ಅಡಿ ನೀರಿದೆ, ನೀರಿದ್ದರೆ ಜೀವ ಇದ್ದೀತು, ನಮ್ಮ ನೌಕೆ ಹೋಗಿ ಬಡಿದರೆ ಅದಕ್ಕೆ ತೊಂದರೆಯಾದೀತು ಎಂಬ ಕಾರಣಕ್ಕೆ. ಇದೆಯೋ ಇಲ್ಲವೋ ಗೊತ್ತಿಲ್ಲದ ಜೀವಕ್ಕೆ ಅಷ್ಟು ಹಿಂಜರಿದರು. ಕಾಳಿಯ ದಂಡೆಯಲ್ಲಿ ಕುಣಬಿಗಳು, ಸಿದ್ದಿಗಳು, ಗೌಳಿಗಳು ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಳೆಗೆ ಕೈ ಹಾಕುವ ಮೊದಲು ಅಳೆಯಿರಿ, ಅಳತೆಯನ್ನು ಅವರ ಪಂಚಾಯಿತಿಯ ಗೋಡೆಯ ಮೇಲೆ ಅವರು ಓದುವ ನುಡಿಯಲ್ಲಿ ಅಂಟಿಸಿ, ಲೆಕ್ಕ ತಪ್ಪಿದ್ದರೆ ತಪ್ಪಿತು ಎಂದು ಬರೆಯಿರಿ. ಆ ಯಂತ್ರ 58 ನಿಮಿಷದಲ್ಲಿ ಮಾಡಿದ್ದು ಇಷ್ಟೇ.

ಮುಂದಿನ ಚಳಿಗಾಲ ಮತ್ತೆ ಕುಳಗಿಗೆ ಹೋಗುವವನಿದ್ದೇನೆ. ಗೆಳೆಯರನ್ನೂ ಕರೆದಿದ್ದೇನೆ. ಈ ಸಲ ಎರಡು ಬೈನಾಕ್ಯುಲರ್ ಒಯ್ಯುತ್ತೇನೆ. ಒಂದು ಅಡುಗೆಮನೆಯಲ್ಲೇ ಇರಲಿ.